ಶಾಲೆಯ ಬಾಗಿಲವರೆಗೆ ಪಾದಚಾರಿ ಮಾರ್ಗ

ಕಾಸರಗೋಡಿನ ಕನ್ನಡ ಬಾಂಧವರೇ,

ಶಾಲೆ ಬಿಟ್ಟೊಡನೆ ನಮ್ಮ ಮಕ್ಕಳು ವಾಹನಗಳ ನಡುವೆ ನುಸುಳಿ ಮನೆ ಸೇರಬೇಕಾಗಿರುವುದು ವಿಧಿಲಿಖಿತವಲ್ಲ, ಯೋಜನೆಯ ಕೊರತೆ. ಪಾದಚಾರಿ ಮಾರ್ಗವು ಜೀವಿಸುವ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಸಾರಿದೆ. ಅದು ಕನಿಷ್ಠ 1.8 ಮೀಟರು ಅಗಲವಿರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ. ಚರಂಡಿಗೆ ಚಪ್ಪಡಿ ಮುಚ್ಚಿ, ನಡುವೆ ವಿದ್ಯುತ್ ಕಂಬ ನೆಟ್ಟು, ಇದೇ ಮಾರ್ಗವೆನ್ನುವುದು ಹಾಸ್ಯವೇ ಸರಿ!

ಹಣವೆಲ್ಲಿ ಎಂದು ಕೇಳುವವರುಂಟು. 1996ರಲ್ಲಿ ಆರಂಭವಾದ ವಿಕೇಂದ್ರೀಕೃತ ಯೋಜನೆಯಿಂದ ಕೇರಳದ ಯೋಜನಾ ನಿಧಿಯ ಪಾಲು ಪಂಚಾಯತು, ನಗರಸಭೆಗಳಿಗೆ ಸಲ್ಲುತ್ತಿದೆ. ಗ್ರಾಮಸಭೆ, ವಾರ್ಡುಸಭೆಗಳಲ್ಲಿ ಡಾಮರಿಗಾಗಿ ಕೈಯೆತ್ತುವ ನಾವು ಮಕ್ಕಳ ನಡಿಗೆಗಾಗಿ ಎತ್ತಿದ್ದೆಷ್ಟು? ತಪ್ಪು ನಮ್ಮದೂ ಹೌದು. ಶಾಲೆಯಿಂದ ಬಸ್ ನಿಲ್ದಾಣದವರೆಗೆ ದಾರಿಯನ್ನಳೆದು, ನಕ್ಷೆಸಹಿತ ಮನವಿ ಸಲ್ಲಿಸಿರಿ. ಕನ್ನಡದಲ್ಲಿಯೇ ಬರೆಯಿರಿ, ಸಂವಿಧಾನದ 350ನೆಯ ಅನುಚ್ಛೇದವು ಆ ಹಕ್ಕನ್ನು ನಿಮಗಿತ್ತಿದೆ.