ಗುಡಾರ ಹೂಡುವ ಮುನ್ನ

ಬೇಸಿಗೆ ರಜೆ ಆರಂಭವಾಯಿತೆಂದರೆ ನಗರದ ಕುಟುಂಬಗಳು ಮಕ್ಕಳೊಡನೆ ಮಲೆನಾಡಿನತ್ತ ಹೊರಡುತ್ತವೆ. ಅಡಕೆ ತೋಟದ ಮಗ್ಗುಲಲ್ಲಿ, ಹೊಳೆಯ ದಂಡೆಯಲ್ಲಿ ಗುಡಾರ ಹೂಡಿ ಇರುಳು ಕಳೆಯುವ ಈ ಪರಿಪಾಠ ಸ್ವಾಗತಾರ್ಹವೇ. ಮಿಂಚುಹುಳ ಕಾಣದೆ ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು. ಹಳ್ಳಿಯ ಮನೆಗೂ ನಾಲ್ಕು ಕಾಸು. ಆದರೆ ತಾಣವೊಂದು ಮಕ್ಕಳಿಗೆ ತಕ್ಕುದೆನಿಸುವುದು ಉಯ್ಯಾಲೆ, ಜಾರುಬಂಡೆಗಳಿಂದಲ್ಲ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಂಡ ಸಾವುಗಳನ್ನು ಮಲೆನಾಡು ಮರೆತಿಲ್ಲ. ಎಳ್ಳಿನಷ್ಟೂ ಇರದ ಮರಿ ಉಣುಗುಗಳು ತರಗೆಲೆಗಳ ನಡುವೆ ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಬೇಸಿಗೆ ರಜೆಯೂ ಅದರೊಳಗೇ ಬರುತ್ತದೆ. ಕಚ್ಚಿದ 3ರಿಂದ 8 ದಿನಗಳ ತರುವಾಯ ಜ್ವರ. ಅಷ್ಟರಲ್ಲಿ ಮಗು ನಗರಕ್ಕೆ ಮರಳಿರುತ್ತದೆ. ಕಾಡಿನ ಮಾತೆತ್ತದಿದ್ದರೆ ಅಲ್ಲಿನ ವೈದ್ಯರಿಗೆ ಸಂಶಯವೇ ಬಾರದಿರಬಹುದು. ನಿರ್ದಿಷ್ಟ ಔಷಧಿಯಿಲ್ಲದ ಈ ರೋಗಕ್ಕೆ ತುತ್ತಾದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಅಸುನೀಗುತ್ತಾರೆ.

ಆದುದರಿಂದ ಗುಡಾರವು ಸೊಪ್ಪಿನಬೆಟ್ಟದಲ್ಲಿ, ದನ ಮೇಯುವ ಬ್ಯಾಣದಲ್ಲಿ ಬೇಡ. ತರಗು ಗುಡಿಸಿದ ಅಂಗಳದಲ್ಲಿರಲಿ. ಮೈತುಂಬ ಬಟ್ಟೆ, ಉಣುಗು ನಿವಾರಕ ತೈಲ, ಸಂಜೆಯ ಬಿಸಿನೀರ ಸ್ನಾನದಲ್ಲಿ ಕಿವಿಯ ಹಿಂದೆ, ಕಂಕುಳಲ್ಲಿ ತಡಕಿ ನೋಡುವುದು—ಇವು ಮಲೆನಾಡಿನ ತಾಯಂದಿರಿಗೆ ಹೊಸತಲ್ಲ. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ ಮುಂಗಡ ಹಣ ಪಡೆಯುವ ಮೊದಲೇ ಹೇಳಬೇಕು, ಆ ವರ್ಷದ ಆದಾಯ ಹೋದರೂ ಸರಿಯೇ. ಹೊರಡುವ ಅತಿಥಿಗಳ ಕೈಗೆ ಉಪ್ಪಿನಕಾಯಿಯ ಜೊತೆಗೊಂದು ಚೀಟಿಯನ್ನೂ ಕೊಡಲಿ: ಜ್ವರ ಬಂದರೆ, ಎಲ್ಲಿ ತಂಗಿದ್ದಿರೆಂದು ವೈದ್ಯರಿಗೆ ಮೊದಲು ತಿಳಿಸಿ.