ಕೊಂಡು ತಂದ ಬೆಳವಣಿಗೆ

ಸಣ್ಣಪುಟ್ಟ ಪ್ರತಿಸ್ಪರ್ಧಿಗಳನ್ನು ಕೊಂಡು ಬೆಳೆಯುವ ಕಂಪೆನಿಗಳಲ್ಲಿ ಹಣ ತೊಡಗಿಸುವ ಮಹಾಶಯರಿಗೆ ನಾವು ಎರಡು ಮಾತು ಹೇಳಬೇಕಾಗಿದೆ. ಅಮೆರಿಕೆಯ ವೇಸ್ಟ್ ಮ್ಯಾನೇಜ್‌ಮೆಂಟ್ ಕಂಪೆನಿಯು 1971ರಲ್ಲಿ ಸಾರ್ವಜನಿಕರಿಗೆ ಷೇರುಗಳನ್ನು ಮಾರಿ, ಕಸ ಸಾಗಿಸುವ ನೂರಾರು ಚಿಕ್ಕ ವ್ಯಾಪಾರಗಳನ್ನು ಕ್ರಮೇಣ ಕೊಂಡಿತು. ಮುಂದೆ ಆದಾಯವು ನಿರೀಕ್ಷೆಯಂತೆ ಬೆಳೆಯದಿರಲು, ಅಧಿಕಾರಿಗಳು ಲಾರಿಗಳ ಆಯುಷ್ಯವನ್ನು ಹೆಚ್ಚಾಗಿ ಬರೆದು ಸವಕಳಿಯ ವೆಚ್ಚವನ್ನು ತಗ್ಗಿಸಿ ತೋರಿಸಿದರು. 1998ರಲ್ಲಿ ಹಿಂದಿನ ವರ್ಷಗಳ ಲಾಭದಿಂದ ಸುಮಾರು 170 ಕೋಟಿ ಡಾಲರುಗಳನ್ನು ಕಂಪೆನಿಯೇ ಅಳಿಸಬೇಕಾಯಿತು.

ಕೊಳ್ಳುವುದೇ ದೋಷವೆಂದು ನಮ್ಮ ಅಭಿಪ್ರಾಯವಲ್ಲ. ಪದೇ ಪದೇ ಕೊಳ್ಳುವುದರಿಂದ ನಿಜಸ್ಥಿತಿಯು ಮರೆಯಾಗುವುದೆಂಬುದೇ ನಮ್ಮ ಆಕ್ಷೇಪಣೆ. ಹೊಸದಾಗಿ ಕೊಂಡುದನ್ನು ಕಳೆದು ಹಳೆಯ ವ್ಯಾಪಾರವು ಎಷ್ಟು ಬೆಳೆದಿದೆ, ಕೊಳ್ಳಲು ಮಾಡಿದ ಸಾಲವೆಷ್ಟು, ಎಂದು ಷೇರುದಾರರು ಪ್ರತಿವರ್ಷವೂ ಕೇಳತಕ್ಕದ್ದು. ಹೊತ್ತು ತಂದ ನೀರಿನಿಂದ ತುಂಬಿದ ಬಾವಿಯಲ್ಲಿ ಒರತೆಯುಂಟೆಂದು ನಂಬಲಾಗದು.