ಹಳೆಯ ಲೆಕ್ಕ, ಹೊಸ ಗೇಣಿ

ಕೃಷ್ಣರಾಜನಗರದ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಹದಿನೆಂಟು ವರ್ಷ ದುಡಿದ ಕಾರ್ಮಿಕರೊಬ್ಬರು ತಮ್ಮ ಗ್ರಾಚ್ಯುಟಿ ಹಣ ಕೇಳಲು ಹೋದರು. ಕಚೇರಿಯಿಂದ ಬಂದ ಉತ್ತರ ಹೀಗಿತ್ತು: "ನಿನ್ನ ಹಾಜರಿಯೆಲ್ಲ ಹಳೇ ಸಾಫ್ಟ್‌ವೇರಿನಲ್ಲಿತ್ತು ಕಣಯ್ಯ. ಈಗ ಹೊಸದು ಹಾಕಿಸಿದ್ದೇವೆ. ಹಳೆಯದು ಇದರಲ್ಲಿ ತೆರೆಯೋದಿಲ್ಲ. ನಾವೇನು ಮಾಡೋಣ?"

ಹದಿನೆಂಟು ವರ್ಷದ ಬೆವರು ತೆರೆಯುವುದಿಲ್ಲವಂತೆ! ಆ ಕಾರ್ಮಿಕರು ನಮ್ಮಲ್ಲಿಗೆ ಬಂದರು. ನಾವು ಮೆಟ್ರಿಕ್ ಮುಗಿಸಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವರು, ಕಂಪ್ಯೂಟರ್ ಪಂಡಿತರಲ್ಲ. ಆದರೂ ಹಟ ಹಿಡಿದು ಹಳೆಯ ಕಡತಗಳ ಪ್ರತಿಯನ್ನು ಪಡೆದುಕೊಂಡು, ನಮ್ಮ ಕೈಕೆಳಗೆ ಓದಿದ ಒಬ್ಬ ಹುಡುಗನಿಗೆ ಕೊಟ್ಟೆವು. ಅವು ಫಾಕ್ಸ್‌ಪ್ರೋ ಎಂಬ ಹಳೆಯ ಉಪಕರಣದ ಕಡತಗಳು. ಒಂದು ಕಾಸೂ ಖರ್ಚಿಲ್ಲದೆ ಸಿಗುವ ಲಿಬ್ರೆಆಫೀಸ್‌ನಲ್ಲಿ ಆ ಹುಡುಗ ಅವನ್ನು ಹತ್ತು ನಿಮಿಷದಲ್ಲಿ ತೆರೆದು ತೋರಿಸಿದ. ಹದಿನೆಂಟು ವರ್ಷದ ಹಾಜರಿ ಸಾಲುಸಾಲಾಗಿ ಅಲ್ಲೇ ಇತ್ತು. ಗಿರಣಿಯವರಿಗೆ ಆ ಸುಳ್ಳನ್ನು ಹೇಳಿಕೊಟ್ಟವರು ಯಾರು? ಹೊಸ ಸಾಫ್ಟ್‌ವೇರ್ ಮಾರಿದವರು. ಗಿರಣಿಯವರಿಗೂ ಆ ಸುಳ್ಳು ಅನುಕೂಲವಾಗಿಯೇ ಕಂಡಿತು.

ಹಾಗಾದರೆ ಸಾಫ್ಟ್‌ವೇರ್ ಮಾರುವವರಿಗೆ ಹಳೆಯ ಉಪಕರಣದ ಮೇಲೆ ಇಷ್ಟು ಸಿಟ್ಟೇಕೆ, ಹೊಸ ಪ್ಲಾಟ್‌ಫಾರಂ ಮೇಲೆ ಇಷ್ಟು ಮೋಹವೇಕೆ? "ಹಳೆಯದು ಸವೆದುಹೋಗಿದೆ" ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಕುಡುಗೋಲು ಸವೆಯುತ್ತದೆ, ಗಿರಣಿಯ ಬೆಲ್ಟು ಸವೆಯುತ್ತದೆ. ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆ ಸವೆಯುವ ವಸ್ತುವೇ ಅಲ್ಲ. ಕೂಡುವ ಲೆಕ್ಕ ಅಂದೂ ಒಂದೇ, ಇಂದೂ ಒಂದೇ.

ಚರಿತ್ರೆಯನ್ನೇ ನೋಡಿ. ಮೈಕ್ರೋಸಾಫ್ಟ್ ಕಂಪನಿ ೧೯೯೧ರಲ್ಲಿ ವಿಷುವಲ್ ಬೇಸಿಕ್ ಎಂಬ ಉಪಕರಣವನ್ನು ಹೊರತಂದಿತು. ೧೯೯೨ರಲ್ಲಿ ಫಾಕ್ಸ್‌ಪ್ರೋ ಮಾಡುತ್ತಿದ್ದ ಕಂಪನಿಯನ್ನೇ ಕೊಂಡುಕೊಂಡಿತು. ಇವೆರಡೂ ಬಡವರ ಬಂಧುಗಳಾಗಿದ್ದವು. ದೊಡ್ಡ ಪದವಿ ಇಲ್ಲದ ಹುಡುಗರೂ ಆರು ತಿಂಗಳಲ್ಲಿ ಕಲಿತು, ದಿನಸಿ ಅಂಗಡಿಗೆ ಬಿಲ್ಲು, ಮಂಡಿಗೆ ಲೆಕ್ಕ, ಗಿರಣಿಗೆ ಹಾಜರಿ ಬರೆದುಕೊಟ್ಟರು. ಅಂಗಡಿಯವರು ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಹತ್ತು ಹದಿನೈದು ವರ್ಷ ಓಡುತ್ತಿತ್ತು.

ಮುಗಿಯಿತು ಎಂಬುದೇ ಮಾರುವವರಿಗೆ ಹೊಟ್ಟೆನೋವು. ೧೯೯೫ರಲ್ಲಿ ಸನ್ ಎಂಬ ಇನ್ನೊಂದು ಕಂಪನಿ ಜಾವಾ ಎಂಬ ಭಾಷೆ ತಂದು ಪೈಪೋಟಿಗೆ ಇಳಿಯಿತು. ಅದಕ್ಕೆ ಉತ್ತರವಾಗಿ ಮೈಕ್ರೋಸಾಫ್ಟ್ ೨೦೦೨ರಲ್ಲಿ ಡಾಟ್‌ನೆಟ್ ಎಂಬ ಹೊಸ ಪ್ಲಾಟ್‌ಫಾರಂ ಕಟ್ಟಿತು. ಹಳೆಯ ವಿಷುವಲ್ ಬೇಸಿಕ್‌ನಲ್ಲಿ ಬರೆದದ್ದು ಅದರಲ್ಲಿ ಇದ್ದ ಹಾಗೆಯೇ ನಡೆಯುತ್ತಿರಲಿಲ್ಲ. ಹೊಸದಾಗಿ ತಿದ್ದಿ ಬರೆಯಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ೨೦೦೫ರಲ್ಲಿ ಕಂಪನಿಯ ಮನ್ನಣೆಯನ್ನೇ ಪಡೆದ ನೂರಕ್ಕೂ ಹೆಚ್ಚು ಪರಿಣತರು "ಹಳೆಯದನ್ನು ಕೊಲ್ಲಬೇಡಿ" ಎಂದು ಮನವಿ ಮಾಡಿಕೊಂಡರು. ಕೇಳಿದವರು ಯಾರು? ೨೦೦೮ರಲ್ಲಿ ಆ ಉಪಕರಣಕ್ಕೆ ಎಲ್ಲ ಬೆಂಬಲವೂ ನಿಂತಿತು. ೨೦೧೫ರ ಜನವರಿಯಲ್ಲಿ ಫಾಕ್ಸ್‌ಪ್ರೋಗೂ ಅದೇ ಗತಿಯಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಉಪಕರಣಕ್ಕೆ ಬೆಂಬಲ ನಿಲ್ಲಿಸಿದ ಅದೇ ಕಂಪನಿ, ಅದರಲ್ಲಿ ಬರೆದ ಹಳೆಯ ಪ್ರೋಗ್ರಾಂಗಳು ಇಂದಿನ ವಿಂಡೋಸ್ ೧೧ರಲ್ಲೂ ಓಡುವಂತೆ ನೋಡಿಕೊಂಡಿದೆ. ದೊಡ್ಡ ದೊಡ್ಡ ಗಿರಾಕಿಗಳು ಇನ್ನೂ ಅವುಗಳ ಮೇಲೆ ನಿಂತಿದ್ದಾರಲ್ಲ! ಇನ್ನೂ ಹಳೆಯದನ್ನು ಹೇಳೋಣ. ೧೯೫೯ರಲ್ಲಿ ರೂಪುಗೊಂಡ ಕೋಬಾಲ್ ಭಾಷೆ ಜಗತ್ತಿನ ದೊಡ್ಡ ಬ್ಯಾಂಕುಗಳಲ್ಲಿ ಇಂದಿಗೂ ದುಡಿಯುತ್ತಿದೆ. ಅದನ್ನು ನಡೆಸುವ ದೊಡ್ಡ ಯಂತ್ರಗಳಿಂದ ಕಂಪನಿಗಳಿಗೆ ವರ್ಷವರ್ಷವೂ ಹಣ ಬರುತ್ತದೆ. ಆದ್ದರಿಂದ ಅದು ಹಳೆಯದಾದರೂ ಪೂಜ್ಯ. ನಮ್ಮ ಅಂಗಡಿಯವರ ಫಾಕ್ಸ್‌ಪ್ರೋ ಹಣ ತರುವುದಿಲ್ಲ. ಆದ್ದರಿಂದ ಅದು ಕಸ. ಇಲ್ಲಿ ವಯಸ್ಸಿನ ಪ್ರಶ್ನೆಯೇ ಇಲ್ಲ. ಇರುವುದು ಗೇಣಿಯ ಪ್ರಶ್ನೆ.

ಹೊಸ ಪ್ಲಾಟ್‌ಫಾರಂ ಎಂದರೆ ಏನೆಂದು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಕಂಪಲಾಪುರದಲ್ಲೂ ಕಟ್ಟೆಮಳಲವಾಡಿಯಲ್ಲೂ ತಂಬಾಕು ಹರಾಜಿನ ಪ್ಲಾಟ್‌ಫಾರಂಗಳಿವೆ. ಬೆಳೆದ ಬೇಲು ಅಲ್ಲಿಗೇ ಹೋಗಬೇಕು. ಆದರೆ ಅವು ಸರಕಾರದ ಮಂಡಳಿಗೆ ಸೇರಿದವು. ಬೆಲೆ ಕುಸಿದಾಗ ರೈತರು ಹರಾಜು ನಿಲ್ಲಿಸಿ ಗೇಟಿನ ಮುಂದೆ ಕೂತು ಕೇಳಿದ್ದಾರೆ. ಕಂಪ್ಯೂಟರಿನ ಪ್ಲಾಟ್‌ಫಾರಂಗೆ ಅಂಥ ಗೇಟು ಎಲ್ಲಿದೆ? ಲೆಕ್ಕ ಇರುವುದು ಅವರ ಯಂತ್ರದಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ವರ್ಷದ ಚಂದಾ ಕಟ್ಟದಿದ್ದರೆ ಅಂಗಡಿಯವರ ಲೆಕ್ಕ ಅಂಗಡಿಯವರಿಗೇ ಕಾಣದು. ಮೊದಲು ಕೊಂಡವರಾಗಿದ್ದೆವು, ಈಗ ಗೇಣಿದಾರರಾಗಿದ್ದೇವೆ.

ಮೈಸೂರಿನಲ್ಲಿ ಕೂತು ಸಾಫ್ಟ್‌ವೇರ್ ಮಾಡುವ ಸಣ್ಣವರನ್ನು ನಾವು ದೂಷಿಸುವುದಿಲ್ಲ. ಅವರೂ ಮೇಲಿನ ಧಣಿಯ ಒಕ್ಕಲುಗಳೇ. ಧಣಿ ದಾರಿ ಬದಲಿಸಿದಾಗ ಇವರೂ ಬದಲಿಸದೆ ವಿಧಿಯಿಲ್ಲ. ಇಪ್ಪತ್ತು ವರ್ಷ ಹಳೆಯ ಉಪಕರಣದಲ್ಲಿ ಕೈ ಪಳಗಿಸಿದವನ ಅನುಭವ ಒಂದೇ ದಿನಕ್ಕೆ ಬೆಲೆ ಕಳೆದುಕೊಳ್ಳುತ್ತದೆ. ಅವನ ಜಾಗಕ್ಕೆ ಕಡಿಮೆ ಸಂಬಳದ ಹೊಸ ಹುಡುಗ ಬರುತ್ತಾನೆ. ಹೊಸ ಮಗ್ಗ ತಂದು ಹಳೆಯ ನೇಯ್ಗೆಯವನನ್ನು ಹೊರಗೆ ಹಾಕಿದ ಕಥೆ ಗಿರಣಿ ಕಾರ್ಮಿಕರಿಗೆ ಗೊತ್ತಿಲ್ಲದ್ದೇ?

ಹೊಸದರಲ್ಲಿ ಗುಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ವಿಷುವಲ್ ಬೇಸಿಕ್‌ನಲ್ಲಿ ಕನ್ನಡ ಮೂಡಿಸಬೇಕಾದರೆ ಬೇರೆ ಅಕ್ಷರಗಳನ್ನು ತುರುಕಿ ಒದ್ದಾಡಬೇಕಿತ್ತು. ಇಂದು ಯೂನಿಕೋಡ್‌ನಿಂದ ಕನ್ನಡ ಸಲೀಸಾಗಿ ಮೂಡುತ್ತದೆ. ಮೊಬೈಲಿನಲ್ಲಿ ಲೆಕ್ಕ ಸಿಗುತ್ತದೆ. ಕಳ್ಳಗಂಡಿಗಳನ್ನು ಮುಚ್ಚುವವರಿಲ್ಲದ ಹಳೆಯ ಸಾಫ್ಟ್‌ವೇರಿನಲ್ಲಿ ಅಪಾಯವೂ ಉಂಟು. ಆದರೆ ಆ ಗಂಡಿಗಳನ್ನು ಮುಚ್ಚುವುದಿಲ್ಲ ಎಂದವರು ಯಾರು? ಮುಚ್ಚುವ ವಿದ್ಯೆಯನ್ನು ಬೇರೆಯವರಿಗೂ ಕೊಡದೆ ಪೆಟ್ಟಿಗೆಯಲ್ಲಿಟ್ಟವರು ಯಾರು? ತಾನೂ ಉಳುವುದಿಲ್ಲ, ಪರರಿಗೂ ಉಳಲು ಬಿಡುವುದಿಲ್ಲ ಎಂಬ ಜಮೀನ್ದಾರನ ನ್ಯಾಯ ಇದು.

ಬೇರೆ ದಾರಿ ಇದೆ. ಫಾಕ್ಸ್‌ಪ್ರೋನ ಬಳಗಕ್ಕೇ ಸೇರಿದ ಕ್ಲಿಪ್ಪರ್ ಎಂಬ ಉಪಕರಣವನ್ನು ಒಡೆಯರು ಕೈಬಿಟ್ಟಾಗ, ಪ್ರಪಂಚದ ಪ್ರೋಗ್ರಾಂಕಾರರು ಕೂಡಿ ಹಾರ್ಬರ್ ಎಂಬ ಮುಕ್ತ ಉಪಕರಣ ಕಟ್ಟಿದರು. ಹಳೆಯ ಕೆಲಸ ಅದರಲ್ಲಿ ಮುಂದುವರಿಯಿತು. ನೆರೆಯ ಕೇರಳದ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಕೇಂದ್ರ ಸರಕಾರವೇ ೨೦೧೫ರಲ್ಲಿ ತನ್ನ ಕಚೇರಿಗಳಿಗೆ ಮುಕ್ತ ತಂತ್ರಾಂಶ ಬಳಸುವ ನೀತಿ ಹೊರಡಿಸಿತು.

ಆದ್ದರಿಂದ ವ್ಯಾಪಾರಿ ಬಂಧುಗಳಿಗೆ ನಮ್ಮ ಮಾತು ಇಷ್ಟೇ: ಹೊಸ ಸಾಫ್ಟ್‌ವೇರ್ ಕೊಳ್ಳುವಾಗ "ನಮ್ಮ ಲೆಕ್ಕವನ್ನು ಯಾರಾದರೂ ಓದಬಲ್ಲ ರೂಪದಲ್ಲಿ ನಮ್ಮ ಕೈಗೆ ಕೊಡತಕ್ಕದ್ದು" ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. ಹತ್ತು ಅಂಗಡಿ ಸೇರಿ ಒಬ್ಬ ಪ್ರೋಗ್ರಾಂಕಾರನನ್ನು ಇಟ್ಟುಕೊಂಡು ಮುಕ್ತ ಉಪಕರಣದಲ್ಲೇ ಬರೆಸಿ. ಕಾರ್ಮಿಕ ಬಂಧುಗಳೇ, ನಿಮ್ಮ ಹಾಜರಿ ಮತ್ತು ಸಂಬಳದ ಚೀಟಿಯ ಪ್ರತಿಯನ್ನು ತಿಂಗಳು ತಿಂಗಳು ಕೇಳಿ ಪಡೆಯಿರಿ. ಸರಕಾರಕ್ಕೆ ನಮ್ಮ ಹಕ್ಕೊತ್ತಾಯ: ಕಂಪನಿ ಯಾವ ಉಪಕರಣವನ್ನು ಕೈಬಿಡುತ್ತದೋ ಅದರ ಮೂಲವನ್ನು ಜನರಿಗೆ ಬಿಟ್ಟುಕೊಡಬೇಕೆಂಬ ಕಾನೂನು ಬರಲಿ.

ಇದು ಆಗದ ಮಾತೆಂದು ನಗುವವರಿದ್ದಾರೆ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗಲೂ ಹೀಗೆಯೇ ನಕ್ಕಿದ್ದರು. ನಮ್ಮ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ೧೯೭೪ರಲ್ಲಿ, ಗೇಣಿ ಪದ್ಧತಿಯನ್ನು ಕಾನೂನೇ ಕಿತ್ತೊಗೆಯಿತು. ಹೊಲದ ಗೇಣಿ ಹೋದ ನಾಡಿನಲ್ಲಿ ಲೆಕ್ಕದ ಗೇಣಿ ಏಕೆ ಉಳಿಯಬೇಕು?

ಅಂದ ಹಾಗೆ, ಆ ಕಾರ್ಮಿಕರಿಗೆ ಹಣ ಸಂದಾಯವಾಯಿತು.